ಎರಡೂರ ತರಗತಿಯ ಸುದ್ದಿ, ಮೇಷ್ಟ್ರಿಗೆ

ತೀರ್ಥರೂಪರಿಗೆ ಸಮಾನರಾದ ಮೇಷ್ಟ್ರಿಗೆ, ನಿಮ್ಮ ಮಹದೇವ ಮಾಡುವ ನಮಸ್ಕಾರಗಳು.

ಪದ್ಧತಿಯಂತೆ ಉಭಯಕುಶಲೋಪರಿ ಎಂದು ಬರೆಯಹೊರಟವನು ಲೇಖನಿಯನ್ನು ಹಾಗೇ ಎತ್ತಿ ಹಿಡಿದೆ. ನನಗೀಗ ತಿಳಿದಿರುವುದು ಒಂದು ಕಡೆಯ ಕುಶಲ ಮಾತ್ರ. ಒಂಟಿಕೊಪ್ಪಲಿನ ಮನೆಯಲ್ಲಿ ಅಮ್ಮನವರು ಚೆನ್ನಾಗಿದ್ದಾರೆ. ಮೊನ್ನೆ ಹೋದಾಗ ಕಾಫಿ ಕೊಟ್ಟು, "ಅವರಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳ್ತೀಯಲ್ಲ ಮಹದೇವ, ನಿಮ್ಮ ಲೆಕ್ಕ ನನಗೆ ಅರ್ಥವಾಗತ್ತೇನೋ? ಅವರಿಗೇ ಬರಿ, ಹೋಗು" ಎಂದು ಗದರಿದರು. ಆದ್ದರಿಂದ ಬರೆಯುತ್ತಿದ್ದೇನೆ. ಕೊನೆಯ ಸಲ ನೋಡಿದಾಗ ನೀವು ಹಾಸಿಗೆಯಿಂದಲೇ ಕೇಳಿದ ಪ್ರಶ್ನೆ ಒಂದೇ: "ಆ ಮಗುವಿನ ವರ್ಷ ಉಳಿಯುತ್ತೇನಯ್ಯ?" ನನ್ನಲ್ಲಿ ಆಗ ಉತ್ತರವಿರಲಿಲ್ಲ. ಈಗ ಇದೆ. ಆದರೆ ನೀವೇ ಕಲಿಸಿದಂತೆ, ಉತ್ತರವನ್ನು ಕೊನೆಗೇ ಬರೆಯುತ್ತೇನೆ. ಅದಕ್ಕೆ ಮುಂಚಿನ ಹೆಜ್ಜೆಗಳನ್ನು ಬಿಟ್ಟರೆ ನೀವು ಅಂಕ ಕೊಡುವವರಲ್ಲ.

ಆ ಸಭೆಯ ದಿನ ನೀವು ಮಡಿ ಪಂಚೆ, ಕರಿಯ ಕೋಟು, ಜರಿಯ ಪೇಟದಲ್ಲಿ ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನಿವೃತ್ತರಾಗಿ ವರ್ಷಗಳಾಗಿದ್ದರೂ ಗಣಿತ ವಿಭಾಗದ ಹಳೆಯ ಮುಖ್ಯಸ್ಥರೆಂಬ ಗೌರವದಿಂದ ಕರೆದಿದ್ದರು. ರಾಜ್ಯ ಒಂದಾದ ಮೇಲೆ ವಿಶ್ವವಿದ್ಯಾಲಯ ಮೈಸೂರಿನದು, ಬೆಂಗಳೂರಿನದು ಎಂದು ಎರಡಾದ ಕಾಲ ಅದು. ಪುಸ್ತಕಗಳು ಹಂಚಿಹೋಗಿದ್ದವು, ಮೇಷ್ಟ್ರುಗಳು ಹಂಚಿಹೋಗಿದ್ದರು. ಆಪರೇಷನ್ಸ್ ರಿಸರ್ಚ್ ಎಂಬ ಹೊಸ ವಿದ್ಯೆಯನ್ನು ಎಂ.ಎಸ್ಸಿ. ಕೊನೆಯ ವರ್ಷದ ತರಗತಿಗೆ ತರಬೇಕೆಂದು ಎರಡೂ ಕಡೆಯವರಿಗೆ ಆಸೆ. ಇಡಿಯಾಗಿ ಕಲಿಸಬಲ್ಲವರು ಯಾವ ಕಡೆಯೂ ಇಲ್ಲ. ನೀವು ಎದ್ದು ನಿಂತು, "ಅಣ್ಣತಮ್ಮಂದಿರು ಮನೆ ಪಾಲು ಮಾಡ್ಕೊಳ್ಳುವಾಗ ಗೋಡೆ ಹಾಕ್ತಾರೆ, ಸರಿ. ಬಾವಿಗೆ ಯಾರಾದರೂ ಗೋಡೆ ಹಾಕ್ತಾರೇನ್ರಪ್ಪ? ಪಾಲುಪತ್ರದಲ್ಲಿ ಅದೊಂದನ್ನ ಇಬ್ಬರ ಹೆಸರಿಗೂ ಬರೀತಾರೆ. ಈ ಕೋರ್ಸನ್ನೂ ಹಾಗೆ ಬರೀರಿ" ಎಂದಿರಿ. ಸಭೆ ನಕ್ಕಿತು. ಬೆಂಗಳೂರಿನಿಂದ ಬಂದಿದ್ದ ಅನಂತರಾಮಯ್ಯನವರು ಮಾತ್ರ ನಗದೆ ಕೇಳಿದರು: "ಕ್ಯೂಯಿಂಗ್ ಥಿಯರಿ, ಅಂದರೆ ಜನ ನಿಂತು ಕಾಯೋ ಲೆಕ್ಕ, ನಾವು ಹೇಳಿಕೊಡ್ತೀವಿ. ನಮ್ಮ ಹುಡುಗರಿಗೆ ಕೊಡೋದಕ್ಕೆ ನಿಮ್ಮಲ್ಲಿ ಏನಿದೆ ಸ್ವಾಮಿ?"

ಆ ಪ್ರಶ್ನೆಗೆ ನೀವು ಕೋಪಿಸಿಕೊಳ್ಳುತ್ತೀರೆಂದು ನಾನು ಹೆದರಿದ್ದೆ. ನೀವು ಕೋಪಿಸಿಕೊಳ್ಳಲಿಲ್ಲ. "ಒಂದು ವರ್ಷ ಕೊಡಿ, ನಮ್ಮಲ್ಲಿ ಏನಿದೆ ಅಂತ ನಾವೂ ತಿಳ್ಕೋತೀವಿ" ಎಂದಿರಿ. ಹಾಗೆಯೇ ತೀರ್ಮಾನವಾಯಿತು. ಮೊದಲ ವರ್ಷ ನಮ್ಮ ಮಕ್ಕಳು ಶನಿವಾರಗಳಂದು ರೈಲಿನಲ್ಲಿ ಅಲ್ಲಿಗೆ ಹೋಗಿ ಅವರ ಪಾಠ ಕೇಳುವುದು. ಉಳಿದ ಪಾಠ ನನ್ನದು. ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆದು, ಹೊರಗಿನ ಪರೀಕ್ಷಕರ ಮುಂದೆ ಸಮರ್ಥಿಸಬೇಕು. ಅವರು ಮೆಚ್ಚಿದರೆ ಅಲ್ಲಿ ಓದಿದ್ದು ಇಲ್ಲಿ ಸಲ್ಲುತ್ತದೆ, ಮುಂದೆ ಅವರ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಮೆಚ್ಚದಿದ್ದರೆ ಕೋರ್ಸು ನಿಲ್ಲುತ್ತದೆ, ಸೇರಿದ ಮಕ್ಕಳ ವರ್ಷವೂ ಅದರೊಡನೆ... ಆ ವಾಕ್ಯವನ್ನು ಆ ದಿನ ಯಾರೂ ಪೂರ್ತಿಮಾಡಲಿಲ್ಲ. ಯಾರದೋ ಮಕ್ಕಳ ವರ್ಷವನ್ನು ಪಣಕ್ಕಿಡುವ ಹಕ್ಕು ನಮಗೆ ಯಾರು ಕೊಟ್ಟರು, ಮೇಷ್ಟ್ರೇ? ಹೊರಗೆ ಬಂದ ಮೇಲೆ ನೀವು ಮೆಲ್ಲಗೆ ಅಂದದ್ದು ಅದನ್ನೇ: "ಹುಷಾರಾಗಿ ಆರಿಸಯ್ಯ. ಬಿದ್ದರೆ ಅವರು ಬೀಳ್ತಾರೆ, ನಾವಲ್ಲ."

ಕುಂಬಾರಕೊಪ್ಪಲಿನ ಪುಟ್ಟೇಗೌಡರು ನಿಮ್ಮ ಜಗಲಿಗೆ ಬಂದ ಬೆಳಗ್ಗೆ ನಿಮಗೆ ನೆನಪಿರಲೇಬೇಕು. ಮಿಲ್ಲಿನ ಪಾಳಿ ಮುಗಿಸಿ ನೇರ ಬಂದಿದ್ದರು. ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ಕೂತುಕೊಳ್ಳಿ ಎಂದರೂ ಕೂರದೆ, "ಸ್ವಾಮಿ, ನನ್ ಮಗ್ಳು ರತ್ನ ಆಪ್ರೇಸನ್ ಓದ್ತೀನಿ ಅಂತವಳೆ. ಬೆರಳ್ ಕುಯ್ಕೊಂಡ್ರೆ ತಲೆ ತಿರುಗ್ ಬೀಳೋ ಉಡ್ಗಿ ಕಣ್ರೀ ಅದು. ನಮ್ ಪಕ್ಕದ್ ಮನೆ ಮುದ್ಕಿ ಆಗ್ಲೇ ಬಂದ್ಬುಟ್ಟು, ನನ್ ಕಣ್ಣಿನ್ ಪೊರೆ ಎಂದಿಗೆ ತೆಗೀತೀಯವ್ವ ಅಂತ ಕೇಳ್ತಾವ್ಳೆ. ಏನ್ ಏಳನ ಅವ್ಳಿಗೆ?" ಎಂದರು. ನೀವು ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಅಮ್ಮನವರು ನೀರು ತರಬೇಕಾಯಿತು.

ಆಮೇಲೆ ನೀವು ಹೇಳಿಕೊಟ್ಟ ರೀತಿಯನ್ನು ನಾನು ಈಗಲೂ ಹೊಸ ಮಕ್ಕಳಿಗೆ ಹೇಳುತ್ತೇನೆ. "ಗೌಡರೇ, ನೂಲು ಬರೋದು ತಡವಾದರೆ ಮಗ್ಗ ಸುಮ್ಮನೆ ನಿಲ್ಲುತ್ತೋ ಇಲ್ಲವೋ? ಒಂದು ಕಡೆ ನೂಲು ರಾಶಿ ಬಿದ್ದಿರತ್ತೆ, ಇನ್ನೊಂದು ಕಡೆ ಮಗ್ಗ ಆಕಳಿಸ್ತಾ ಕೂತಿರತ್ತೆ. ಯಾಕೆ ಹೀಗಾಯ್ತು, ಹೀಗಾಗದ ಹಾಗೆ ಕೆಲಸವನ್ನ ಹೇಗೆ ಹಂಚಬೇಕು, ಇದನ್ನ ಲೆಕ್ಕ ಹಾಕಿ ಕಂಡುಹಿಡಿಯೋ ವಿದ್ಯೆ ಇದು." ಪುಟ್ಟೇಗೌಡರು ಯೋಚಿಸಿ ಹೇಳಿದರು: "ಅದ್ಕೆ ಬೆಂಗ್ಳೂರ್‌ಗಂಟ ಓಗ್ಬೇಕಾ ಸ್ವಾಮಿ? ನಮ್ ಮೇಸ್ತ್ರಿ ಒಂದ್ ಸಲ ಬೈದ್ರೆ ಸಾಕು, ನಿಂತಿದ್ದೆಲ್ಲ ತಿರುಗ್ತದೆ." ಆದರೂ ಒಪ್ಪಿದರು. ಒಪ್ಪುವಾಗ ಒಂದು ಷರತ್ತು ಹಾಕಿದರು: "ಒಂದ್ ವರ್ಸ ಅಂದ್ರೆ ಒಂದೇ ವರ್ಸ. ಆ ಕಡೆ ಒಂದ್ ಸಂಬಂಧ ಕಾಯ್ತಾ ಅದೆ. ಫೇಲಾಗ್ ಬಂದ್ಬುಟ್ರೆ ಇನ್ನೊಂದ್ ಸಲ ಅಂತ ನನ್ನ ಕೇಳ್ಬಾರ್ದು." ರತ್ನ ಗೇಟಿನ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಪಣ ಯಾರದೆಂದು ಅಂದಿನಿಂದ ನಮ್ಮಿಬ್ಬರಿಗೂ ಸ್ಪಷ್ಟವಾಯಿತು.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾವು ಆಡಿದ ಆ ಜಗಳ! ನೀವು ಅದನ್ನು ಜಗಳವೆಂದು ಒಪ್ಪುತ್ತಿರಲಿಲ್ಲ, ಅಭಿಪ್ರಾಯಭೇದ ಎನ್ನುತ್ತಿದ್ದಿರಿ. ಇಂಗ್ಲಿಷಿನ 'ಕ್ಯೂ' ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂಬುದು ವಿಷಯ. ನಾನು 'ಸಾಲು' ಎಂದೆ. ಸಿನಿಮಾ ಮಂದಿರದ ಮುಂದೆ, ರೈಲಿನ ಟಿಕೆಟ್ಟಿನ ಕಿಂಡಿಯ ಮುಂದೆ ಜನ ನಿಲ್ಲುವುದು ಸಾಲು ತಾನೆ? ನೀವು ದೊಣ್ಣೆಯನ್ನು ನೆಲಕ್ಕೆ ಕುಟ್ಟಿ, "ಸಾಲು ಕಣ್ಣಿಗೆ ಕಾಣೋದು ಕಣಯ್ಯ, ಮರಗಳೂ ಸಾಲಾಗಿ ನಿಂತಿರ್ತವೆ. ಅವು ಯಾವುದಕ್ಕಾದರೂ ಕಾಯ್ತಿವೆಯಾ? ನನ್ನ ಮುಂದೆ ಯಾರು, ನನ್ನ ಹಿಂದೆ ಯಾರು ಅಂತ ನಾಲ್ಕು ಜನರ ಮನಸ್ಸಿಗೆ ಗೊತ್ತಿರತ್ತಲ್ಲ, ಅದು ಸರದಿ" ಎಂದಿರಿ. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ, ಅದಕ್ಕೆ ನಾವೇನು ಮಾಡೋಣ ಎಂದು ನಾನು ವಾದಿಸಿದೆ. ನಮ್ಮ ಹಿಂದೆ ನಡೆದು ಬರುತ್ತಿದ್ದ ರತ್ನ ಇದ್ದಕ್ಕಿದ್ದಂತೆ, "ಸರ್, ನಮ್ಮ ಬೀದೀಲಿ ಎರಡೂ ಬೇರೆ ಬೇರೇನೇ" ಎಂದಳು. ಗುರುಗಳಿಬ್ಬರ ಮಾತಿನ ನಡುವೆ ಬಾಯಿ ಹಾಕಿದೆನೆಂದು ಅವಳಿಗೇ ಗಾಬರಿ. ನೀವು ನಿಂತೇಬಿಟ್ಟಿರಿ. "ಹೆಂಗಮ್ಮ ಬೇರೆ? ಹೇಳು."

ಅವಳು ಹೇಳಿದ್ದನ್ನು ಕಣ್ಣಾರೆ ನೋಡಬೇಕೆಂದು ನೀವು ಹಟಹಿಡಿದು, ಮರುದಿನದ ಸಂಜೆಯೇ ನಾವು ಕುಂಬಾರಕೊಪ್ಪಲಿಗೆ ಹೋದೆವು. ಬೀದಿಯ ತಿರುವಿನಲ್ಲಿ ಒಂದು ನಲ್ಲಿ. ನೀರು ನಿಂತು ಎಷ್ಟೋ ಹೊತ್ತಾಗಿತ್ತು. ಒಬ್ಬ ಮನುಷ್ಯನೂ ಇಲ್ಲ. ಆದರೆ ನಲ್ಲಿಯ ಬುಡದಿಂದ ಚರಂಡಿಯ ಕಲ್ಲಿನವರೆಗೆ ಬಿಂದಿಗೆಗಳು, ತಪ್ಪಲೆಗಳು, ಒಂದು ಸೀಮೆಎಣ್ಣೆಯ ಡಬ್ಬ, ಕುತ್ತಿಗೆ ಮುರಿದ ಒಂದು ಮಡಕೆ. ಎಲ್ಲವೂ ಒಂದರ ಹಿಂದೊಂದು ಗಂಭೀರವಾಗಿ ಕುಳಿತಿದ್ದವು. "ಇವತ್ತು ನೀರು ಸಿಗದೇ ಇದ್ದೋರು ಇವರೆಲ್ಲ ಸರ್. ನಾಳೆ ಬೆಳಗ್ಗೆ ಇಲ್ಲಿಂದಲೇ ಶುರು" ಎಂದಳು ರತ್ನ. ಆ ಮುರಿದ ಮಡಕೆ ಯಾರದು, ಅದರಲ್ಲಿ ನೀರು ಹೇಗೆ ತುಂಬುತ್ತಾರೆ ಎಂದು ನೀವು ಕೇಳಿದಿರಿ. ಅವಳು ನಕ್ಕಳು. "ಅದರಲ್ಲಿ ತುಂಬಲ್ಲ ಸರ್. ಅದು ಜಾಗಕ್ಕೆ ಮಾತ್ರ. ನೀರು ಬಂದಾಗ ಬೇರೆ ಬಿಂದಿಗೆ ತರ್ತಾರೆ." ನಿಮ್ಮ ಮುಖ ಅರಳಿದ್ದನ್ನು ನಾನು ಅಂಥ ಸಂದರ್ಭಗಳಲ್ಲಿ ಮಾತ್ರ ನೋಡಿದ್ದೇನೆ: ಬಹಳ ದಿನದಿಂದ ಕೈಗೆ ಸಿಗದಿದ್ದ ಪ್ರಮೇಯ ಯಾರೋ ಎಳೆಯರ ಬಾಯಲ್ಲಿ ಥಟ್ಟನೆ ಹೊರಟಾಗ.

ಆಗಲ್ಲವೇ ನೀವು ಆ ಕೆಲಸ ಮಾಡಿದ್ದು? ಹತ್ತಿರದಿಂದ ನೋಡುವ ಉತ್ಸಾಹದಲ್ಲಿ ಒಂದು ಹಿತ್ತಾಳೆ ಬಿಂದಿಗೆಯನ್ನು ದೊಣ್ಣೆಯ ತುದಿಯಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದಿರಿ, ಅಷ್ಟೆ. ಎದುರು ಮನೆಯ ಬಾಗಿಲಿನಿಂದ ಸಿಡಿಲು ಬಡಿದಂತೆ ದನಿ ಬಂತು: "ಯಾರ್ರೀ ಅದು ನನ್ ಬಿಂದ್ಗೆ ಮುಟ್ಟೋರು? ಪೇಟ ಸುತ್ಕೊಂಡ್ ಬಂದ್ಬುಟ್ರೆ ಸರ್ದಿ ತಪ್ಪಿಸ್ಬೌದಾ? ಇಡಿ ಅಲ್ಲೇ!" ಮೈಸೂರಿನ ಪಂಡಿತರೆಲ್ಲ ನಿಮ್ಮೆದುರು ದನಿ ಏರಿಸಲು ಹಿಂಜರಿಯುತ್ತಿದ್ದರು; ನೀವು ಬಗ್ಗಿ ಎರಡೂ ಕೈಯಿಂದ ಬಿಂದಿಗೆಯನ್ನು ಇದ್ದಲ್ಲೇ ಇಟ್ಟು, "ತಪ್ಪಾಯ್ತು ತಾಯಿ" ಎಂದಿರಿ. ರತ್ನ ಓಡಿಹೋಗಿ, "ಚಿಕ್ಕವ್ವ, ಸುಮ್ಕಿರು, ನಮ್ ಮೇಷ್ಟ್ರು ಕಣವ್ವ" ಎಂದು ಪಿಸುಗುಟ್ಟಿದರೂ ಆಕೆ ಬಿಡಲಿಲ್ಲ. "ಮೇಷ್ಟ್ರಾದ್ರೆ ಇನ್ನೂ ಗೊತ್ತಿರ್ಬೇಕಲ್ಲ!" ಹಿಂದಿರುಗುವ ದಾರಿಯುದ್ದಕ್ಕೂ ನೀವು ನಗುತ್ತಿದ್ದಿರಿ. "ಮಹದೇವ, ಅಲ್ಲಿ ಒಬ್ಬರೂ ಇರಲಿಲ್ಲ. ಸಾಲಿನಲ್ಲಿ ನಿಂತೋರು ಸೊನ್ನೆ. ಆದರೂ ಸರದಿ ತಪ್ಪಿಸಿದೆ ಅಂತ ನನಗೆ ಬೈಗುಳ ಬಿತ್ತು. ಇನ್ನೇನು ಬೇಕಯ್ಯ ನಿನಗೆ ಪ್ರಮಾಣ?" ಎಂದಿರಿ. ಅಂದಿನಿಂದ ನಾನು 'ಸಾಲು' ಎಂಬ ಪದವನ್ನು ಬಿಟ್ಟುಕೊಟ್ಟೆ.

ರತ್ನ ಅದನ್ನೇ ತನ್ನ ಪ್ರಬಂಧದ ವಿಷಯವಾಗಿ ಆರಿಸಿಕೊಂಡೆನೆಂದು ಹೇಳಿದ ದಿನ ನಾವಿಬ್ಬರೂ ಹಿಗ್ಗಿದ್ದೇನೋ ನಿಜ. ಆದರೆ ಅಪಾಯವೂ ಅಲ್ಲಿಯೇ ಇತ್ತಲ್ಲ. ಪುಸ್ತಕದ ಲೆಕ್ಕ ಬೆಳಗ್ಗೆ ಬಾಗಿಲು ತೆರೆದಾಗ ಕಾಯುವವರು ಯಾರೂ ಇಲ್ಲವೆಂದು ಆರಂಭವಾಗುತ್ತದೆ. ಕಾದು ಬೇಸತ್ತವರು ಎದ್ದುಹೋಗುತ್ತಾರೆಂದು ಮುಂದುವರಿಯುತ್ತದೆ. ನಮ್ಮ ಬಿಂದಿಗೆಗಳಿಗೆ ಬೇಸರವೆಂಬುದೇ ಇಲ್ಲ, ಅವು ಎದ್ದುಹೋಗುವುದೂ ಇಲ್ಲ. ಹಾಗಾದರೆ ಪುಸ್ತಕದ ಸೂತ್ರಗಳಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬಾರದೆ, ಅವಳೇ ಹೊಸದಾಗಿ ಕಟ್ಟಿಕೊಳ್ಳಬೇಕು. ಬೆಂಗಳೂರಿನಲ್ಲಿ ಅನಂತರಾಮಯ್ಯನವರು ಅವಳ ಕರಡನ್ನು ಓದಿ, "ನೋಡಮ್ಮ, ಇದನ್ನ ಬಿಟ್ಟು ಟಿಕೆಟ್ ಕಿಂಡಿಯ ಮೇಲೆ ಬರಿ. ಪುಸ್ತಕದ ಹಾಗೇ ನಡೆಯತ್ತೆ, ಪರೀಕ್ಷಕರೂ ಒಪ್ಕೋತಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಎಂದರಂತೆ. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಹುಷಾರಾಗಿ ಓದಿಸುವ ಯಾವ ಮೇಷ್ಟ್ರೂ ಹಾಗೆಯೇ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆನೇನೋ, ನೀವು ಪಕ್ಕದಲ್ಲಿ ಇರದಿದ್ದರೆ.

ಅವಳು ಅದನ್ನು ಕೇಳಲು ನಿಮ್ಮ ಮನೆಗೆ ಬಂದಾಗ ನೀವು ಆಗಲೇ ಹಾಸಿಗೆ ಹಿಡಿದಿದ್ದಿರಿ. "ಸರ್, ಯಾವುದನ್ನ ಬರೀಲಿ?" ನೀವು ಹೇಳುತ್ತೀರೆಂದು ನಾನು ಕಾದೆ. ನೀವು ಹೇಳಲಿಲ್ಲ. "ಟಿಕೆಟ್ ಕಿಂಡಿ ಬರೆದರೆ ಪಾಸಾಗ್ತೀಯ. ಬಿಂದಿಗೆ ಬರೆದರೆ ಪಾಸಾಗಬಹುದು, ಆಗದೇ ಇರಬಹುದು. ವರ್ಷ ನಿನ್ನದು ಕಣಮ್ಮ, ನನ್ನದಲ್ಲ" ಎಂದಿರಿ. ಅವಳು ಕರಡನ್ನು ಮತ್ತೆ ಚೀಲಕ್ಕೆ ಸೇರಿಸುತ್ತ, "ಬಿಂದಿಗೆನೇ ಸರ್. ಅದು ನಿಜ ಅಲ್ವಾ?" ಎಂದಳು. ಅವಳು ಹೋದ ಮೇಲೆಯೇ ನೀವು ನನ್ನನ್ನು ಆ ಪ್ರಶ್ನೆ ಕೇಳಿದ್ದು. ನೀವು ಗೋಡೆಯ ಕಡೆ ತಿರುಗಿದಿರಿ, ಮತ್ತೆ...

ನೀವು ಹೋದ ಮರುದಿನ ಶನಿವಾರವೆಂಬುದು ನಿಮಗೆ ತಿಳಿಯುವಂತಿರಲಿಲ್ಲ. ಬೆಳಕು ಹರಿಯುವ ಮೊದಲೇ ಮಕ್ಕಳೆಲ್ಲ ಬಂದು ಅಂಗಳದಲ್ಲಿ ನಿಂತಿದ್ದರು. ರತ್ನ ನಿಮ್ಮ ಪಾದ ಮುಟ್ಟಿ ಎದ್ದು ಮೂಲೆಗೆ ಹೋಗಿ ಕುಳಿತಳು. ಅಮ್ಮನವರು ನಿಮ್ಮ ತಲೆಯ ಹತ್ತಿರ ಕುಳಿತಿದ್ದವರು ಮುಖವೆತ್ತಿ ಕೇಳಿದರು: "ಇವತ್ತು ಮಕ್ಕಳಿಗೆ ಕ್ಲಾಸಿಲ್ವೇನೋ ಮಹದೇವ?" ಇದೆ, ಆದರೆ ಈ ಹೊತ್ತಿನಲ್ಲಿ ಹೇಗೆ ಎಂದೆ. "ನೋಡಾಯ್ತಲ್ಲ. ಹೊರಡಿಸು. ಇವರ ಹೆಸರು ಹೇಳಿಕೊಂಡು ಮಕ್ಕಳು ರೈಲು ತಪ್ಪಿಸಿಕೊಂಡರೆ ಇವರು ನನ್ನ ಮೇಲೆ ರೇಗ್ತಾರೆ." ಮೇಷ್ಟ್ರೇ, ಅವರು 'ರೇಗ್ತಾರೆ' ಎಂದರು, 'ರೇಗ್ತಿದ್ದರು' ಎನ್ನಲಿಲ್ಲ. ಮಕ್ಕಳು ಹೋದರು. ಆ ದಿನ ಅಲ್ಲಿ ಅನಂತರಾಮಯ್ಯನವರು ಪಾಠಕ್ಕೆ ಮೊದಲು ನಿಮ್ಮ ಹೆಸರು ಹೇಳಿ ಒಂದು ಗಳಿಗೆ ಸುಮ್ಮನೆ ನಿಂತರಂತೆ. ಆಮೇಲೆ ಸೀಮೆಸುಣ್ಣ ಕೈಗೆತ್ತಿಕೊಂಡು ಎಂದಿಗಿಂತ ಹೆಚ್ಚು ಹೊತ್ತು ಪಾಠ ಮಾಡಿದರಂತೆ.

ಸಮರ್ಥನೆಯ ದಿನ ನಮ್ಮ ವಿಭಾಗದ ಹಜಾರದಲ್ಲಿ ಪುಟ್ಟೇಗೌಡರು ಒಗೆದ ಅಂಗಿ ತೊಟ್ಟು ಬಂದು ಕುಳಿತಿದ್ದರು. ರಜೆ ಹಾಕಿದ್ದೀರಾ ಎಂದರೆ, "ಇಲ್ಲ ಸ್ವಾಮಿ, ಪಾಳಿ ಬದ್ಲಾಯಿಸ್ಕಂಡೆ. ಒಳಗಡೆ ಏನಾದ್ರೂ ಕೂಗಾಡುದ್ರೆ ಕೇಳುಸ್ತದಾ ಇಲ್ಗೆ?" ಎಂದು ಕೇಳಿದರು. ಅಲ್ಲಿ ಯಾರೂ ಕೂಗಾಡುವುದಿಲ್ಲ ಎಂದು ಧೈರ್ಯ ಹೇಳಿ ಒಳಗೆ ಹೋದೆ. ಪರೀಕ್ಷಕರು ಧಾರವಾಡದ ಕಡೆಯ ಹಿರಿಯರು. ದೊಡ್ಡ ಮೀಸೆ, ಸಣ್ಣ ಕನ್ನಡಕ, ಕಟ್ಟುನಿಟ್ಟಿಗೆ ಹೆಸರಾದವರು. ಪಕ್ಕದಲ್ಲಿ ಅನಂತರಾಮಯ್ಯನವರು. ರತ್ನಳಿಗಿಂತ ಮುಂಚೆ ಬಂದ ಹುಡುಗರು ಟಿಕೆಟ್ ಕಿಂಡಿ, ಬಸ್ಸಿನ ನಿಲ್ದಾಣ ಎಂದು ಪುಸ್ತಕದ ದಾರಿಯಲ್ಲೇ ನಡೆದು, ದೊಡ್ಡ ಗಾಯವಿಲ್ಲದೆ ಹೊರಗೆ ಹೋಗಿದ್ದರು.

ಅವಳ ಪ್ರಬಂಧವನ್ನು ತೆರೆದ ಪರೀಕ್ಷಕರು ಮೊದಲ ಪುಟದಲ್ಲೇ ಬೆರಳಿಟ್ಟರು. "ತಂಗಿ, ಮೊದಲನೇ ಮೆಟ್ಟಲದಾಗನ ಎಡವಿಯಲ್ಲ. ಮುಂಜಾನೆ ನಳಾ ಬಿಡೂ ಹೊತ್ತಿಗೆ ಅಲ್ಲಿ ನಿಂತವರು ಯಾರೂ ಇಲ್ಲಂತ ನೀನ ಬರದಿ. ಹಂಗಾರ ಇಲ್ಲೆ ಸೊನ್ನಿ ಇರಬೇಕಿತ್ತು. ಬ್ಯಾರೆ ಏನೋ ಹಾಕೀದಿ." ರತ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. "ನಿಂತವರು ಯಾರೂ ಇಲ್ಲ ಸರ್. ಆದರೆ ಸರದಿ ಇದೆ." ಅವರು ಕನ್ನಡಕದ ಮೇಲಿಂದ ನೋಡಿದರು. "ನಿಂತವರ ಇಲ್ಲಂದ ಮ್ಯಾಲೆ ಸರದಿ ಎಲ್ಲಿಂದ ಬಂತವ್ವ?"

"ನಿನ್ನೆಯಿಂದ, ಸರ್."

ಆ ಎರಡು ಪದಗಳನ್ನು ನಾನು ಸಾಯುವವರೆಗೂ ಮರೆಯಲಾರೆ. ಅವಳು ಬಿಂದಿಗೆಗಳ ವಿಷಯ ವಿವರಿಸುತ್ತಿದ್ದಂತೆ ಪರೀಕ್ಷಕರು ಕುರ್ಚಿಗೆ ಒರಗಿದರು. ಮೀಸೆಯ ಕೆಳಗೆ ಏನೋ ಅಲುಗಾಡಿತು. "ಪಾಳಿ! ನಮ್ಮ ಓಣ್ಯಾಗ ಪಾಳಿ ಅಂತೀವಿ. ಹೋಗಿ ಕೊಡಪಾನ ಪಾಳಿಗೆ ಹಚ್ಚಿ ಬಾ ಅಂತ ನಮ್ಮವ್ವ ಕಳಸತಿದ್ದಳು. ನಾ ಅದನ್ನಿಟ್ಟು ಚಿಣ್ಣಿದಾಂಡು ಆಡ್ಲಿಕ್ಕೆ ಓಡತಿದ್ದೆ" ಎಂದರು. ಗೆದ್ದೆವು ಎಂದುಕೊಂಡೆ. ಇಲ್ಲ ಮೇಷ್ಟ್ರೇ, ಅವರು ನಿಮ್ಮ ಥರದ ಮೇಷ್ಟ್ರು. ತಟ್ಟನೆ ನಗು ನಿಲ್ಲಿಸಿ, "ನೆನಪು ಬ್ಯಾರೆ, ಗಣಿತ ಬ್ಯಾರೆ. ಕೊಡಪಾನ ಖರೇ ಅದಾವ ಅಂದಕೂಡ್ಲೇ ಸಿದ್ಧಾಂತ ಖರೇ ಆಗೂದಿಲ್ಲ. ಇದರಿಂದ ಏನ ಫರಕ್ ಆತು? ಏಳು, ಹಲಗಿ ಮ್ಯಾಲೆ ತೋರ್ಸು" ಎಂದರು.

ಅವಳು ಎದ್ದು ಹೋಗಿ ಬರೆಯತೊಡಗಿದಳು. ಪುಸ್ತಕದ ಲೆಕ್ಕದಲ್ಲಿ ಪ್ರತಿಯೊಂದು ದಿನವೂ ಹೊಸ ದಿನ. ಇವತ್ತು ನೀರು ಸಾಲದಿದ್ದರೆ ಅದು ಇವತ್ತಿಗೇ ಮುಗಿಯಿತು. ಅವಳ ಲೆಕ್ಕದಲ್ಲಿ ಸೋಮವಾರದ ಕೊರತೆ ಮಂಗಳವಾರದ ತಲೆಯ ಮೇಲೆ ಕೂರುತ್ತದೆ, ಮಂಗಳವಾರದ್ದು ಬುಧವಾರದ ಮೇಲೆ. ದಿನದಿನದ ಕೊರತೆ ಕಣ್ಣಿಗೆ ಬೀಳದಷ್ಟು ಚಿಕ್ಕದಿದ್ದರೂ ವಾರದ ಕೊನೆಗೆ ಬೀದಿಯೇ ಜಗಳಕ್ಕೆ ನಿಲ್ಲುತ್ತದೆ. ಆದ್ದರಿಂದ ದಿನವೂ ಹೆಚ್ಚು ನೀರು ಬೇಕಾಗಿಲ್ಲ. ವಾರಕ್ಕೊಂದು ಬೆಳಗ್ಗೆ ಮಾತ್ರ ಇನ್ನಷ್ಟು ಹೊತ್ತು ಬಿಟ್ಟರೆ ಉಳಿದ ಸರದಿಯೆಲ್ಲ ಕರಗುತ್ತದೆ, ಮತ್ತೆ ಸೊನ್ನೆಯಿಂದ ಶುರು. ನಡುವೆ ಒಂದು ಕಡೆ ಕೈ ನಿಂತಿತು. ನಾನು ಬಾಯಿ ತೆರೆಯಬಾರದೆಂದು ನಾಲಿಗೆ ಕಚ್ಚಿಕೊಂಡೆ. ಅನಂತರಾಮಯ್ಯನವರ ತುಟಿಗಳು, ಆ ಬಿಗಿದ ತುಟಿಗಳು, ಮುಂದಿನ ಹೆಜ್ಜೆಯನ್ನು ಸದ್ದಿಲ್ಲದೆ ಉಚ್ಚರಿಸುತ್ತಿರುವುದನ್ನು ಕಂಡೆ; ಅವರಿಗೂ ಅವಳು ಗೆಲ್ಲಬೇಕಿತ್ತು! ರತ್ನ ಯಾರ ಮುಖವನ್ನೂ ನೋಡಲಿಲ್ಲ. ಬರೆದ ಒಂದು ಸಾಲನ್ನು ಅಂಗೈಯಿಂದ ಒರೆಸಿ, ಮತ್ತೆ ಬರೆದು, ಕೊನೆಗೆ ಮುಟ್ಟಿಸಿದಳು.

ಪರೀಕ್ಷಕರು ಹಲಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಕೇಳಿದ ಪ್ರಶ್ನೆ ಗಣಿತದ್ದಲ್ಲ: "ಇದನ್ನ ಯಾರು ಹೇಳಿಕೊಟ್ರು ನಿನಗ?" ಅವಳು, "ಸೂತ್ರ ಕಟ್ಟೋದನ್ನ ಬೆಂಗಳೂರಿನ ಸರ್ ಹೇಳಿಕೊಟ್ರು, ಹಂಚೋ ಲೆಕ್ಕವನ್ನ ಇಲ್ಲಿಯ ಸರ್. ಸರದಿ ಅಂದರೆ ಏನು ಅಂತ..." ಎಂದವಳು ಅಷ್ಟಕ್ಕೇ ನಿಲ್ಲಿಸಿ, ಸೀಮೆಸುಣ್ಣವನ್ನು ಹಲಗೆಯ ಕೆಳಗೆ ಇಟ್ಟಳು. ಯಾರೂ ಅವಳನ್ನು ಒತ್ತಾಯಿಸಲಿಲ್ಲ. ಅವಳು ಹೊರಗೆ ಹೋದ ಮೇಲೆ ಪರೀಕ್ಷಕರು ಪ್ರಬಂಧವನ್ನು ಮುಚ್ಚಿ ಹೇಳಿದರು: "ಎರಡೂ ಕಡೆ ಓದದ ಇದ್ರ ಈ ಹುಡುಗಿ ಇದನ್ನ ಬರೀತಿದ್ದಿಲ್ಲ. ಒಂದ ಕಡೆಯಿಂದ ಆಗೂ ಕೆಲಸ ಅಲ್ಲ ಇದು. ಮುಂದುವರಸ್ರಿ." ಅನಂತರಾಮಯ್ಯನವರು ನನ್ನ ಕಡೆ ತಿರುಗಿದರು. "ಮಹದೇವಯ್ಯ, ಅವತ್ತು ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಕೊಡಬೇಕಾದವರು ಇಲ್ಲ. ನೀವಾದರೂ ಕೇಳಿಸ್ಕೊಳ್ಳಿ. ಮುಂದಿನ ವರ್ಷ ನಮ್ಮ ಹುಡುಗರು ಇಲ್ಲಿಗೆ ಬರ್ತಾರೆ. ಸರದಿ ಪಾಠ ಇಲ್ಲೇ ಆಗಲಿ."

ಹಜಾರಕ್ಕೆ ಬಂದಾಗ ಪುಟ್ಟೇಗೌಡರು ಎದ್ದು ನಿಂತಿದ್ದರು. ಪಾಸು ಎಂದೆ. "ಪಾಸೆಲ್ಲ ಇರ್ಲಿ ಸ್ವಾಮಿ, ಬೈದ್ರಾ?" ಎಂದು ಕೇಳಿದರು. ಬೈಯಲಿಲ್ಲ, ಹೊಗಳಿದರು ಎಂದೆ. ಅವರು ಮಗಳನ್ನು ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡಿ, "ಮುಖ ತೊಳ್ಕೊ ನಡಿ, ಸುಣ್ಣ ಮೆತ್ಕೊಂಡದೆ" ಎಂದರು. ಅಷ್ಟೆ. ಆದರೆ ಮುಂದಿನ ವಾರ ತಾವಾಗಿ ಬಂದು, ಆ ಸಂಬಂಧದವರಿಗೆ ಇನ್ನೂ ಸ್ವಲ್ಪ ಕಾಯಲು ಹೇಳಿದ್ದಾಗಿಯೂ, ಕಾಯದಿದ್ದರೆ ಅದು ಅವರ ನಷ್ಟವೆಂದೂ ತಿಳಿಸಿ ಹೋದರು. ಅವರ ದನಿಯಲ್ಲಿದ್ದ ಗತ್ತನ್ನು ನೀವು ಕೇಳಬೇಕಿತ್ತು. ಎರಡೂ ವಿಶ್ವವಿದ್ಯಾಲಯಗಳ ಒಪ್ಪಿಗೆ ಬರುವುದಕ್ಕೆ ಮಳೆಗಾಲವಿಡೀ ಹಿಡಿಯಿತು, ಬಂತು. ರತ್ನಳ ವರ್ಷ ಉಳಿಯಿತು, ಮೇಷ್ಟ್ರೇ. ಅಲ್ಲಿ ಓದಿದ್ದು ಇಲ್ಲಿ ಸಂದಿತು. ಅವಳೊಡನೆ ಹೋದ ಮಕ್ಕಳೆಲ್ಲರ ವರ್ಷವೂ ಉಳಿಯಿತು. ನೀವು ಕೇಳಿದ ಪ್ರಶ್ನೆಗೆ ಇದು ಉತ್ತರ. ಆದರೆ ನೀವು ಕೇಳದೇ ಇದ್ದ ಒಂದು ಸುದ್ದಿಯೂ ಇದೆ. ಕಾಗದ ಬರೆಯಲು ಕೂತದ್ದು ನಿಜವಾಗಿ ಅದಕ್ಕೇ.

ಕಳೆದ ಶನಿವಾರ ಬೆಳಗ್ಗೆ ಬೆಂಗಳೂರಿನ ರೈಲಿನಿಂದ ಅವರ ಮಕ್ಕಳು ಮೊದಲ ಸಲ ನಮ್ಮ ಊರಿನಲ್ಲಿ ಇಳಿದರು. ಕರೆತರಲು ನಾನು ಸ್ಟೇಷನ್ನಿಗೆ ಹೋಗಿದ್ದೆ, ರತ್ನಳೂ ಬಂದಿದ್ದಳು. ದಾರಿಯಲ್ಲಿ ಅವರಲ್ಲೊಬ್ಬ ಚುರುಕು ಹುಡುಗ, ನಾನು ಕೇಳಿಸಿಕೊಳ್ಳುತ್ತಿಲ್ಲವೆಂದು ತಿಳಿದು, ಅವಳ ಪಕ್ಕಕ್ಕೆ ಬಂದು ಮಾತು ತೆಗೆದ. "ನೀವೂ ಇದೇ ಕ್ಲಾಸಾ? ಸರದಿ ಪಾಠ ಮಾಡೋರು ಭಾರೀ ಸ್ಟ್ರಿಕ್ಟಂತೆ. ನಮ್ಮ ಪ್ರೊಫೆಸರ್ರೇ ಹುಷಾರಾಗಿರಿ ಅಂದಿದ್ದಾರೆ. ಹೌದೇನ್ರೀ?" ಅವಳು ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ, ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲದೆ, "ಹೂಂ, ನಾನೂ ಹಂಗೇ ಕೇಳಿದೀನಿ. ತಡವಾಗಿ ಬಂದೋರನ್ನ ಒಳಗೆ ಬಿಡಲ್ವಂತೆ. ಬೇಗ ಬೇಗ ನಡೀರಪ್ಪ" ಎಂದಳು. ಆ ಹುಡುಗ ಓಡಿದ್ದೇ ಓಡಿದ್ದು. ನಾನು ಮುಖ ತಿರುಗಿಸಿಕೊಂಡು ನಗಬೇಕಾಯಿತು.

ತರಗತಿಯಲ್ಲಿ ಎರಡೂರ ಮಕ್ಕಳು ಬೆರೆತು ಕುಳಿತಿದ್ದರು. ನಾನು ಸದ್ದಿಲ್ಲದೆ ಹೋಗಿ ಹಿಂದಿನ ಬೆಂಚಿನ ಕೊನೆಯಲ್ಲಿ ಕುಳಿತೆ. ಆ ಚುರುಕು ಹುಡುಗ ತನ್ನ ಪಕ್ಕದ ಜಾಗವನ್ನು ಒರೆಸಿ, ಬಾಗಿಲಿನ ಕಡೆ ನೋಡುತ್ತ, ದಾರಿಯಲ್ಲಿ ಪರಿಚಯವಾದ ಆ ಹುಡುಗಿಗಾಗಿ ಹಿಡಿದಿಟ್ಟುಕೊಂಡಿದ್ದ. ಗಂಟೆ ಹೊಡೆಯಿತು. ರತ್ನ ಒಳಗೆ ಬಂದಳು, ಅವನು ತೋರಿಸಿದ ಜಾಗವನ್ನು ದಾಟಿ ನೇರವಾಗಿ ವೇದಿಕೆ ಹತ್ತಿದಳು, ಸೀಮೆಸುಣ್ಣ ಕೈಗೆತ್ತಿಕೊಂಡು ನಮ್ಮ ಕಡೆ ತಿರುಗಿದಳು. ಸರದಿ ಪಾಠಕ್ಕೆ ವಿಭಾಗ ಈ ವರ್ಷ ನೇಮಿಸಿಕೊಂಡದ್ದು ಅವಳನ್ನೇ. ಆ ಹುಡುಗ ಕಣ್ಣು ಬಾಯಿ ಬಿಟ್ಟು ಎದ್ದ. ಅವನನ್ನು ನೋಡಿ ಬೆಂಗಳೂರಿನವರು ಎದ್ದರು, ಮೈಸೂರಿನವರು ಎದ್ದರು, ಬೆಂಚುಗಳು ಒಟ್ಟಿಗೆ ಕಿರುಗುಟ್ಟಿದವು.

ಮೇಷ್ಟ್ರೇ, ಹಿಂದಿನ ಬೆಂಚಿನಲ್ಲಿದ್ದ ನಾನೂ ಎದ್ದು ನಿಂತೆ.

ನಿಮ್ಮವನೇ ಆದ,
ಮಹದೇವ